ಓಸಿಡಿ ಮಾತ್ರೆ ಶುರುವಾದ ಮೇಲೆ ಚಡಪಡಿಕೆ: ಕಾಯಿಲೆಯದಾ, ಮಾತ್ರೆಯದಾ?

ಗೀಳು ಕಾಯಿಲೆಗೆ (ಓಸಿಡಿ) ಖಿನ್ನತೆಯ ಮಾತ್ರೆಗಳನ್ನೇ ಕೊಟ್ಟರೂ ಡೋಸ್ ಸಾಮಾನ್ಯವಾಗಿ ಹೆಚ್ಚು. ಫ್ಲೂಆಕ್ಸೆಟಿನ್ 40ರಿಂದ 80 ಮಿ.ಗ್ರಾಂ, ಸರ್ಟ್ರಾಲಿನ್ 200ರವರೆಗೆ, ಫ್ಲೂವಾಕ್ಸಮಿನ್ 300ರವರೆಗೆ. ಗುಣ ಕಾಣೋಕೆ 8ರಿಂದ 12 ವಾರ ಬೇಕು, ಅಡ್ಡಪರಿಣಾಮ ಮೊದಲ ವಾರವೇ ಹಾಜರ್. "ಮಾತ್ರೆ ತಗೊಂಡ ಮೇಲೇ ಜಾಸ್ತಿ ಆಗಿದೆ ಡಾಕ್ಟ್ರೇ" ಎಂಬ ಮಾತು ಹುಟ್ಟುವುದು ಈ ಅಂತರದಲ್ಲೇ.

ಎಲ್ಲರೂ ಎಡವುವ ಜಾಗ ಅಕಥೀಸಿಯಾ, ಅಂದರೆ ಮಾತ್ರೆಯಿಂದ ಒಂದು ಕಡೆ ಕೂರಲಾಗದಂತೆ ಆಗುವ ಚಡಪಡಿಕೆ. ರೋಗಿ ಹಾಲ್‌ನಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದಾರೆ; ಅದು ಗೀಳಿನ ನಡಿಗೆಯೂ ಇರಬಹುದು, ಮಾತ್ರೆಯ ಚಡಪಡಿಕೆಯೂ ಇರಬಹುದು. ಕೇಳಬೇಕಾದ್ದು: "ನಡೀದೆ ಕೂತ್ರೆ ಏನಾಗುತ್ತೆ ಅನ್ಸುತ್ತೆ?" "ಅಮ್ಮನಿಗೆ ಏನಾದ್ರೂ ಆಗ್ಬಿಡುತ್ತೆ" ಅಂದರೆ ಗೀಳು. "ಏನೂ ಆಗಲ್ಲ, ಕಾಲು ಒಂದ್ ಕಡೆ ನಿಲ್ಲಲ್ಲ ಅಷ್ಟೆ" ಅಂದರೆ ಅಕಥೀಸಿಯಾದ ಅನುಮಾನ. ಆದರೆ ಇಷ್ಟಕ್ಕೇ ನಿಲ್ಲಬೇಡಿ. 'ಸರಿ ಅನ್ನಿಸುವ ತನಕ ಮಾಡಬೇಕು' ಎಂಬ ಬಗೆಯ ಓಸಿಡಿಯಲ್ಲೂ ಯಾವ ಭಯವೂ ಇರುವುದಿಲ್ಲ. ಅಲ್ಲಿ ನಡಿಗೆಗೆ ಎಣಿಕೆ ಇರುತ್ತದೆ, ಗೆರೆ ಇರುತ್ತದೆ, ತಪ್ಪಿದರೆ ಮೊದಲಿನಿಂದ ಶುರು. ಅಕಥೀಸಿಯಾಕ್ಕೆ ಲೆಕ್ಕವೇ ಇಲ್ಲ. ಕೂರಿಸಿ ಎರಡು ನಿಮಿಷ, ನಿಲ್ಲಿಸಿ ಎರಡು ನಿಮಿಷ, ಸುಮ್ಮನೆ ಊಟ-ತಿಂಡಿಯ ಮಾತಾಡುತ್ತಾ ಪಾದ ನೋಡಿ. ಅಕಥೀಸಿಯಾ ಅಳೆಯುವ ಬಾರ್ನ್ಸ್ ಮಾಪನದ ಕ್ರಮವೇ ಇದು. ಡೋಸ್ ಏರಿಸಿದ ತಾರೀಖು, ಜೊತೆಗೆ ರಿಸ್ಪೆರಿಡೋನ್ ಅಥವಾ ಅರಿಪಿಪ್ರಜೋಲ್ ಎಂಬ ಆಂಟಿಸೈಕೋಟಿಕ್ ಮಾತ್ರೆ ಸೇರಿಸಿದ್ದಾರಾ ಅನ್ನುವುದನ್ನೂ ಚೀಟಿಯಲ್ಲಿ ನೋಡಿ. ಅವೂ ಅಕಥೀಸಿಯಾ ತರುತ್ತವೆ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಕಾಯಿಲೆ ಹೆಚ್ಚಾಯಿತೆಂದು ಡೋಸ್ ಏರಿಸಿದರೆ ಚಡಪಡಿಕೆ ಇನ್ನೂ ಏರುತ್ತದೆ, ಆ ಯಾತನೆಯಲ್ಲಿ ಸಾಯುವ ಯೋಚನೆ ಬರಬಹುದು. ಹಿಂದಿನ ಡೋಸ್‌ಗೆ ಇಳಿಸಿ, ಆಮೇಲೆ ನಿಧಾನಕ್ಕೆ ಏರಿಸುವುದು ದಾರಿ. ಚಡಪಡಿಕೆ ತಗ್ಗಿಸಲು ಪ್ರೊಪ್ರನೊಲಾಲ್ ಕೊಡುವ ಮುಂಚೆ ಆಸ್ತಮಾ ಇದೆಯಾ ಕೇಳಲೇಬೇಕು.

ಫ್ಲೂವಾಕ್ಸಮಿನ್ ಇದ್ದರೆ ಕಾಫಿ ಲೆಕ್ಕ ಹಾಕಿ. ಕೆಫೀನನ್ನು ಕರಗಿಸುವ ಸಿವೈಪಿ1ಎ2 ಎಂಬ ಲಿವರ್ ಕಿಣ್ವವನ್ನು ಅದು ತಡೆಯುತ್ತದೆ. ಸುಮಾರು ಐದು ಗಂಟೆಯಲ್ಲಿ ಅರ್ಧಕ್ಕಿಳಿಯಬೇಕಾದ ಕೆಫೀನ್ ದಿನ ಕಳೆದರೂ ಇಳಿಯದೆ ಉಳಿಯಬಹುದು. ಬೆಂಗಳೂರಲ್ಲಿ "ಬೈ-ಟೂ ಅಷ್ಟೇ" ಅನ್ನುವವರೇ ಜಾಸ್ತಿ. ಎಷ್ಟು ಸಲ ಬೈ-ಟೂ ಎಂದು ಕೇಳಿ. ಎದೆ ಹೊಡೆತ, ನಿದ್ದೆಗೇಡು ಎರಡಕ್ಕೂ ಕಾರಣ ಆ ಫಿಲ್ಟರ್ ಕಾಫಿಯೇ ಇರಬಹುದು. ಇದೇ ಫ್ಲೂವಾಕ್ಸಮಿನ್, ಓಸಿಡಿಗೇ ಕೊಡುವ ಇನ್ನೊಂದು ಮಾತ್ರೆಯಾದ ಕ್ಲೋಮಿಪ್ರಮಿನ್‌ನ ಮಟ್ಟವನ್ನೂ ಏರಿಸುತ್ತದೆ: ಫಿಟ್ಸ್, ಗೊಂದಲದ ಅಪಾಯ.

ರಾತ್ರಿ ಎರಡಕ್ಕೆ ಮಲಗಿದೆ ಅಂದರೆ ಯಾಕೆ ಅಂತ ಕೇಳಿ. ಬಾಗಿಲ ಚಿಲಕ ನೋಡುತ್ತಾ ಕೂತಿದ್ದರೆ ಗೀಳು. ನಿದ್ದೆ ಬೇಕು, ಬರಲಿಲ್ಲ ಅಂದರೆ ಮಾತ್ರೆಯ ಉದ್ರೇಕ. ನಿದ್ದೆ ಬೇಡವೇ ಬೇಡ, ಬೆಳಗ್ಗೆ ಲವಲವಿಕೆ, ಕೈಯಲ್ಲಿ ದುಡ್ಡು ನಿಲ್ಲುತ್ತಿಲ್ಲ ಅಂದರೆ ಹೈಪೊಮೇನಿಯಾ, ಅಂದರೆ ಅತಿ ಉತ್ಸಾಹದ ಸ್ಥಿತಿ. ಮನೆಯಲ್ಲಿ ಯಾರಿಗಾದರೂ ಬೈಪೋಲಾರ್ (ಅತಿ ಉತ್ಸಾಹ, ಖಿನ್ನತೆ ಎರಡೂ ಬರುವ ಕಾಯಿಲೆ) ಇದ್ದವರಲ್ಲಿ ಹೆಚ್ಚು ಎಚ್ಚರ.

ಈ ಮಾತ್ರೆಗಳಿಂದ 25 ವರ್ಷದೊಳಗಿನವರಲ್ಲಿ ಸಾಯುವ ಯೋಚನೆ ಹೆಚ್ಚಬಹುದೆಂಬ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ 2004ರಲ್ಲಿ ಮಕ್ಕಳಿಗೆ ಬಂತು, 2007ರಲ್ಲಿ 24ರ ವಯಸ್ಸಿನವರೆಗೂ ವಿಸ್ತರಿಸಿತು. ಹಾನಿಯ ಗೀಳಿರುವವರು (ತನಗೋ ಬೇರೆಯವರಿಗೋ ಏನಾದರೂ ಮಾಡಿಬಿಡುತ್ತೇನೇನೋ ಎಂಬ ಗೀಳು) ಆ ಯೋಚನೆಗೇ ಹೆದರಿ ಚಾಕು ಬಚ್ಚಿಡುತ್ತಾರೆ, ಬಾಲ್ಕನಿಗೆ ಹೋಗುವುದಿಲ್ಲ. ಸಾಯುವ ಮನಸ್ಸಿದ್ದವರಿಗೆ ಅದರಲ್ಲೇ ಬಿಡುಗಡೆ ಕಾಣುತ್ತದೆ. ಎರಡೂ ಒಟ್ಟಿಗೇ ಇರಬಲ್ಲವು. ನೇರವಾಗಿ ಕೇಳಿ, ಮನೆಯವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಬರೆದುಕೊಡಿ.

ಮಾತ್ರೆಯನ್ನು ತಟ್ಟನೆ ನಿಲ್ಲಿಸಿದರೆ, ಅದರಲ್ಲೂ ಇದೇ ಗುಂಪಿನ ಪ್ಯಾರಾಕ್ಸೆಟಿನ್ ಆದರೆ, ಕೆಲವೇ ದಿನಗಳಲ್ಲಿ ಅಳು, ಸಿಡುಕು, ತಲೆಯಲ್ಲಿ ಶಾಕ್ ಹೊಡೆದ ಹಾಗೆ. ಗೀಳು ಮರಳುವುದು ಸಾಮಾನ್ಯವಾಗಿ ವಾರಗಳ ಮೇಲೆ. ಹಳೇ ಡೋಸ್ ಮತ್ತೆ ಕೊಟ್ಟು ಒಂದೆರಡು ದಿನದಲ್ಲಿ ಇಳಿದರೆ ಅದು ನಿಲ್ಲಿಸಿದ್ದರ ತೊಂದರೆ.