ತರಕಾರಿ ಮಡಿಗಳ ನಡುವೆ ಹೂಗಿಡಗಳಿಗೇನು ಕೆಲಸ?

ಮನೆಯ ಹಿಂದಿನ ಸಣ್ಣ ಜಾಗದಲ್ಲಿ ತರಕಾರಿ ಬೆಳೆಯಲು ಹೊರಟವರು ಮಣ್ಣು, ಗೊಬ್ಬರ, ನೀರುಗಳ ಬಗ್ಗೆ ತಲೆ ಕೆಡಿಸಿಕೊಳ್ಳುವಷ್ಟು ಪರಾಗಸ್ಪರ್ಶದ ಬಗ್ಗೆ ಯೋಚಿಸುವುದಿಲ್ಲ. ಸೊಪ್ಪು, ಮೂಲಂಗಿ, ಕ್ಯಾರೆಟ್‌ಗಳ ಮಟ್ಟಿಗೆ ಇದರಿಂದ ನಷ್ಟವೇನೂ ಇಲ್ಲ. ಅವು ಹೂ ಬಿಡುವ ಮೊದಲೇ ಕೊಯ್ಲಿಗೆ ಬರುತ್ತವೆ. ಆದರೆ ಕುಂಬಳದ ಬಳ್ಳಿ ಹುಲುಸಾಗಿ ಹಬ್ಬಿ ಮೈತುಂಬ ಹೂ ಬಿಟ್ಟರೂ ಕಾಯಿ ಕಚ್ಚುತ್ತಿಲ್ಲ, ಕಚ್ಚಿದ ಹೀಚೂ ಹಳದಿಯಾಗಿ ಉದುರುತ್ತಿದೆ ಎಂಬ ದೂರಿಗೆ ಉತ್ತರ ಬಹುತೇಕ ಸಂದರ್ಭಗಳಲ್ಲಿ ಗೊಬ್ಬರದ ಚೀಲದಲ್ಲಿರದೆ ಹೂವಿನೊಳಗೆ ಇರುತ್ತದೆ.

ಕುಂಬಳ, ಸೌತೆ, ಹಾಗಲ, ಹೀರೆಗಳಲ್ಲಿ ಸಾಮಾನ್ಯವಾಗಿ ಒಂದೇ ಬಳ್ಳಿಯಲ್ಲಿ ಗಂಡು ಹೂ ಮತ್ತು ಹೆಣ್ಣು ಹೂ ಬೇರೆಬೇರೆಯಾಗಿ ಅರಳುತ್ತವೆ. ಎಳೆಯ ಬಳ್ಳಿ ಮೊದಲು ಬಿಡುವುದು ಹೆಚ್ಚಾಗಿ ಗಂಡು ಹೂಗಳನ್ನೇ. ಅವು ಉದುರಿದರೆ ಗಾಬರಿಪಡಬೇಕಾಗಿಲ್ಲ. ಹೆಣ್ಣು ಹೂವನ್ನು ಗುರುತಿಸುವುದು ಸುಲಭ, ಎಸಳುಗಳ ಬುಡದಲ್ಲಿ ಪುಟ್ಟ ಕಾಯಿಯ ಆಕಾರ ಆಗಲೇ ಮೂಡಿರುತ್ತದೆ. ಕುಂಬಳದ ಹೂ ನಸುಕಿನಲ್ಲಿ ಅರಳಿ ಮಧ್ಯಾಹ್ನದೊಳಗೆ ಮುದುಡುತ್ತದೆ, ಮರುದಿನ ಮತ್ತೆ ಅರಳುವುದಿಲ್ಲ. ಅದರ ಪರಾಗ ದಪ್ಪ ಮತ್ತು ಅಂಟು, ಗಾಳಿ ಅದನ್ನು ಹೊತ್ತೊಯ್ಯಲಾರದು. ಹಾಗಾಗಿ ಆ ಕೆಲವೇ ಗಂಟೆಗಳಲ್ಲಿ ಜೇನ್ನೊಣವೋ ದುಂಬಿಯೋ ಗಂಡು ಹೂವಿನಿಂದ ಹೆಣ್ಣು ಹೂವಿಗೆ ಬಂದರಷ್ಟೇ ಕಾಯಿ ನಿಲ್ಲುತ್ತದೆ. ಅದೂ ಒಂದೇ ಭೇಟಿ ಸಾಲದು. ಒಂದೊಂದು ಬೀಜ ಕಟ್ಟಲೂ ಒಂದೊಂದು ಪರಾಗದ ಕಣ ಬೇಕು. ಬೆಳೆಯುವ ಬೀಜಗಳು ಸ್ರವಿಸುವ ಹಾರ್ಮೋನುಗಳೇ ಸುತ್ತಲಿನ ತಿರುಳನ್ನು ಉಬ್ಬಿಸುತ್ತವೆ. ಒಂದು ತುದಿ ದಪ್ಪವಾಗಿ, ಇನ್ನೊಂದು ತುದಿ ಸೊರಗಿ ಸೊಟ್ಟಗಾದ ಸೌತೆಕಾಯಿಯನ್ನು ಉದ್ದಕ್ಕೆ ಸೀಳಿ ನೋಡಿದರೆ, ಸೊರಗಿದ ಕಡೆ ಜೊಳ್ಳು ಬೀಜಗಳೇ ಕಾಣುವುದು ಸಾಮಾನ್ಯ.

ಕೀಟಗಳು ಬಾರದಿದ್ದರೆ ಗಂಡು ಹೂವನ್ನು ಕಿತ್ತು, ಎಸಳು ಬಿಡಿಸಿ, ಅದರ ಕೇಸರವನ್ನು ಹೆಣ್ಣು ಹೂವಿನ ನಡುವಿನ ಶಲಾಕಾಗ್ರಕ್ಕೆ, ಅಂದರೆ ಪರಾಗ ಹಿಡಿದುಕೊಳ್ಳುವ ತುದಿಗೆ, ಮೃದುವಾಗಿ ಸವರಬಹುದು. ಕುಂಬಳಕ್ಕೆ ಇದು ಬೆಳಗಿನ ಕೆಲಸ. ಹೀರೆ ಮತ್ತು ಸೋರೆಯ ಹೂಗಳು ಅರಳುವುದು ಇಳಿಹೊತ್ತಿನಲ್ಲಿ. ಅವುಗಳಿಗೆ ಕೈಯಾಡಿಸುವವರು ಸಂಜೆಗಾಗಿ ಕಾಯಬೇಕು.

ಟೊಮೆಟೊ ಮತ್ತು ಬದನೆಯ ಕಥೆ ಇನ್ನೂ ಸ್ವಾರಸ್ಯಕರ. ಇವುಗಳಲ್ಲಿ ಗಂಡು ಹೆಣ್ಣು ಎರಡೂ ಒಂದೇ ಹೂವಿನಲ್ಲಿದ್ದರೂ ಪರಾಗ ಹೊರಗೆ ಸುಲಭವಾಗಿ ಸಿಗುವಂತಿಲ್ಲ. ಟೊಮೆಟೊ ಹೂವಿನ ಹಳದಿ ಪರಾಗಕೋಶಗಳು ಒಂದಕ್ಕೊಂದು ಕೂಡಿಕೊಂಡು ಕೊಳವೆಯಂತಾಗಿ ಒಳಮುಖವಾಗಿ ಬಿರಿಯುತ್ತವೆ. ಬದನೆಯಲ್ಲಿ ಪರಾಗ ಹೊರಬೀಳಲು ಪ್ರತಿ ಕೋಶದ ತುದಿಯಲ್ಲಿ ಸಣ್ಣ ರಂಧ್ರಗಳಷ್ಟೇ ಇರುತ್ತವೆ. ಉಪ್ಪಿನ ಡಬ್ಬಿಯನ್ನು ಅಲುಗಾಡಿಸಿದಂತೆ ಹೂವನ್ನು ಅಲುಗಿಸಿದರೆ ಮಾತ್ರ ಪರಾಗ ಉದುರುತ್ತದೆ. ಮರ ಕೊರೆಯುವ ಕಪ್ಪು ದುಂಬಿ ಹೂವನ್ನು ಕಾಲುಗಳಿಂದ ಬಿಗಿಯಾಗಿ ಅಪ್ಪಿಕೊಂಡು, ಹಾರದೆಯೇ ಹಾರಾಟದ ಸ್ನಾಯುಗಳನ್ನು ಅದುರಿಸುತ್ತದೆ. ಆಗ ಕೇಳುವ ಝೇಂಕಾರ ಹಾರುವಾಗಿನದಕ್ಕಿಂತ ತೀಕ್ಷ್ಣವಾಗಿರುತ್ತದೆ. ಜೇನ್ನೊಣಗಳಿಗೆ ಈ ವಿದ್ಯೆ ಒಲಿದಿಲ್ಲ. ಗಾಜಿನ ಮನೆಗಳಲ್ಲಿ ಟೊಮೆಟೊ ಬೆಳೆಯುವವರು ಕಂಪನದ ಕಡ್ಡಿ ಹಿಡಿದು ಗಿಡದಿಂದ ಗಿಡಕ್ಕೆ ಓಡಾಡುತ್ತಿದ್ದರು. 1980ರ ದಶಕದ ಕೊನೆಯಿಂದ ಆ ಕೆಲಸವನ್ನು, ಹೀಗೆಯೇ ಹೂ ಅದುರಿಸಬಲ್ಲ ಬಂಬಲ್ ಬೀ ಎಂಬ ಸಾಕಿದ ದುಂಬಿಗಳು ವಹಿಸಿಕೊಂಡಿವೆ. ಬಯಲಿನ ಟೊಮೆಟೊಗೆ ಗಾಳಿಯ ತೂಗಾಟವೇ ಎಷ್ಟೋ ಬಾರಿ ಸಾಕಾಗುತ್ತದೆ. ಗೋಡೆಯ ಮರೆಯಲ್ಲಿರುವ ಗಿಡದ ಹೂಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೂ ಆದೀತು. ಆದರೆ ಹಗಲಿನ ಬಿಸಿ ದಿನಗಟ್ಟಲೆ 35 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪರಾಗವೇ ಸತ್ವ ಕಳೆದುಕೊಳ್ಳುವುದರಿಂದ ಎಷ್ಟು ತಟ್ಟಿದರೂ ಫಲವಿಲ್ಲ.

ಈ ಕೀಟಗಳು ನಮ್ಮ ಬದನೆ ಹೂ ಬಿಡುವ ಕೆಲವು ವಾರಗಳಲ್ಲಿ ಮಾತ್ರ ಹಸಿಯುವುದಿಲ್ಲ. ಸಾಲದ್ದಕ್ಕೆ ಟೊಮೆಟೊ, ಬದನೆಯ ಹೂಗಳಲ್ಲಿ ಮಕರಂದವೂ ಇಲ್ಲ. ಆದ್ದರಿಂದ ಒಂದು ಬಾಡುವಷ್ಟರಲ್ಲಿ ಇನ್ನೊಂದು ಅರಳುವಂತೆ ತುಳಸಿ, ಕಾಸ್ಮಾಸ್, ಸೂರ್ಯಕಾಂತಿಗಳನ್ನು ಮಡಿಗಳ ಅಂಚಿನಲ್ಲಿ ನೆಡುವುದು ಅಲಂಕಾರಕ್ಕಿಂತ ಮಿಗಿಲಾದ ವ್ಯವಸ್ಥೆ. ಇಲ್ಲಿ ಆಯ್ಕೆ ಮುಖ್ಯ: ಸುತ್ತುಸುತ್ತು ಎಸಳಿನ ದಾಸವಾಳದಂಥ ಹೂಗಳಲ್ಲಿ ಕೇಸರಗಳೇ ಎಸಳುಗಳಾಗಿ ಮಾರ್ಪಟ್ಟಿರುವುದರಿಂದ ಪರಾಗ ತೀರ ಕಡಿಮೆ, ನೋಟಕ್ಕೆ ಸೊಗಸಾದರೂ ಕೀಟಗಳಿಗೆ ಅದು ಬರಿಗೈ. ಕೊತ್ತಂಬರಿ, ಸಬ್ಬಸಿಗೆ ಗಿಡಗಳಲ್ಲಿ ಒಂದೆರಡನ್ನು ಕೀಳದೆ ಹೂ ಬಿಡಲು ಬಿಟ್ಟರೆ ಅವುಗಳ ಪುಟ್ಟ, ತೆರೆದ ಹೂಗಳಿಗೆ ಚಿಕ್ಕ ಬಾಯಿಯ ಹೂನೊಣಗಳು ಬರುತ್ತವೆ. ಅನೇಕ ಜಾತಿಯ ಹೂನೊಣಗಳ ಮರಿಹುಳುಗಳು ಗಿಡಹೇನುಗಳನ್ನು ತಿಂದೇ ಬೆಳೆಯುತ್ತವೆ.

ಚೆಂಡುಹೂವಿನ ಬಗ್ಗೆ ಮಾತ್ರ ಸ್ವಲ್ಪ ಅತಿಯಾದ ನಂಬಿಕೆ ಬೇರೂರಿದೆ. ಅದರ ಬೇರುಗಳಲ್ಲಿರುವ ಆಲ್ಫಾ-ಟರ್ಥಿಯನಿಲ್ ಎಂಬ ಗಂಧಕಯುಕ್ತ ವಸ್ತು ಬೇರುಗಂಟು ತರುವ ಸೂಕ್ಷ್ಮ ದುಂಡುಹುಳುಗಳಿಗೆ ವಿಷ ಎಂಬುದು ನಿಜ. ಆದರೆ ಟೊಮೆಟೊ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಚೆಂಡುಹೂ ನೆಟ್ಟರೆ ಆ ರಕ್ಷಣೆ ಸಿಗುವುದಿಲ್ಲ. ಟೊಮೆಟೊ ನೆಡುವ ಮೊದಲೇ ಇಡೀ ಮಡಿಯಲ್ಲಿ ಅದನ್ನು ಒತ್ತೊತ್ತಾಗಿ ಎರಡು ಮೂರು ತಿಂಗಳು ಬೆಳೆಸಿದರೆ ಮಾತ್ರ ಹುಳುಗಳ ಸಂಖ್ಯೆ ಗಣನೀಯವಾಗಿ ಇಳಿಯುತ್ತದೆ.

ಹೀಗೆ ಕರೆಸಿಕೊಂಡ ಕೀಟಗಳನ್ನು ಔಷಧಿ ಹೊಡೆದು ಕೊಲ್ಲುವುದಕ್ಕೆ ಅರ್ಥವಿಲ್ಲ. ಬೇವಿನ ಎಣ್ಣೆಯನ್ನೂ ಅರಳಿದ ಹೂವಿನ ಮೇಲೆ ಬೀಳದಂತೆ, ಜೇನ್ನೊಣಗಳು ಗೂಡಿಗೆ ಮರಳಿದ ಮೇಲೆ ಸಂಜೆ ಸಿಂಪಡಿಸುವುದು ವಾಡಿಕೆ. ಹೀರೆ, ಸೋರೆಯ ಚಪ್ಪರದ ಬಳಿ ಮಾತ್ರ ಈ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ಸಂಜೆಯೇ ಹೂವಿನ ಹೊತ್ತಾದ್ದರಿಂದ ಆ ಬಳ್ಳಿಗಳಿಗೆ, ಹೂಗಳು ಮುದುಡಿರುವ ಬೇರೆ ಹೊತ್ತನ್ನೇ ಹುಡುಕಿಕೊಳ್ಳಬೇಕು.