ಪ್ಯಾನಲ್ ಬೋರ್ಡನ್ನು ಕೈಯಿಂದ ಮುರಿದರೆ ಏನಾಗ್ತದ?

ಪ್ರಶ್ನೆ: ಬ್ಯಾಡಗಿ ಕಡೆ ಮೆಣಸಿನಕಾಯಿ ಹೊಲಕ್ಕ ಮಣ್ಣಿನ ತೇವ ಅಳೆಯೋ ಬೋರ್ಡ್ ಮಾಡೀನ್ರಿ, 24×18 ಮಿ.ಮೀ. 100×100ರ ಪ್ಯಾನಲ್‌ನ್ಯಾಗ ಎಷ್ಟು ಕೂಡ್ತಾವ? ವಿ-ಕಟ್ ಹಾಕಿಸಿ ಕೈಲೇ ಮುರದ್ರ ನಡೀತದಲ್ಲ?

ಉತ್ತರ: ಲೆಕ್ಕ ಮೊದಲು. ಪ್ಯಾನಲ್ ಎಂದರೆ ಹಲವು ಬೋರ್ಡುಗಳನ್ನು ಒಟ್ಟಿಗೆ ಮಾಡಿಸಿ ಆಮೇಲೆ ಬಿಡಿಸಿಕೊಳ್ಳುವ ದೊಡ್ಡ ಹಲಗೆ. ವಿ-ಕಟ್ ಅಂದರೆ ಮುರಿಯಲೆಂದು ಗೀರಿದ ವಿ ಆಕಾರದ ಗೆರೆ, ಅದಕ್ಕೆ ಬೋರ್ಡುಗಳ ನಡುವೆ ಜಾಗ ಬೇಡ. ಅಡ್ಡಲಾಗಿ 4 (96 ಮಿ.ಮೀ.), ಉದ್ದಕ್ಕೆ 5 (90 ಮಿ.ಮೀ.), ಮೇಲೊಂದು ಕೆಳಗೊಂದು 5 ಮಿ.ಮೀ. ರೇಲ್ (ಪ್ಯಾನಲ್ ಹಿಡಿಯಲು ಬಿಡುವ ಅಂಚುಪಟ್ಟಿ): ಒಟ್ಟು 20. ಮೌಸ್ ಬೈಟ್ (ಬೋರ್ಡುಗಳನ್ನು ಸಾಲುತೂತಿನ ಸಣ್ಣ ಕೊಂಡಿಗಳಿಂದ, ಅಂದರೆ ಟ್ಯಾಬ್‌ಗಳಿಂದ, ಜೋಡಿಸುವ ರೀತಿ) ಆದರೆ ನಡುವೆ 2 ಮಿ.ಮೀ. ಸಂದು ಬೇಕು, ಅಡ್ಡಳತೆ 102 ಆಗಿ ನಾಲ್ಕನೆಯದು ಹೊರಗುಳಿಯುತ್ತದೆ, ಉದ್ದಕ್ಕೆ 5 ಬೋರ್ಡಿಗೇ 98 ಆಗುವುದರಿಂದ ರೇಲನ್ನು ಎಡಬಲಕ್ಕೆ ಸರಿಸಿ 15ಕ್ಕೇ ನಿಲ್ಲಬೇಕು. ಮೂಲೆ ದುಂಡಗಿದ್ದರೆ ಮಾತ್ರ ಮೌಸ್ ಬೈಟೇ ಗತಿ. ವಿ-ಕಟ್ ಈ ಅಂಚಿನಿಂದ ಆ ಅಂಚಿಗೆ ನೇರ ಹೋಗುತ್ತದೆ, ನಡುವೆ ತಿರುಗುವುದಿಲ್ಲ.

ಇನ್ನು "ಕೈಲೇ ಮುರಿಯುವುದು". ಶೇಂಗಾ ಚಿಕ್ಕಿ ಇದ್ದಂತೆ, ಗೆರೆ ಹಾಕಿದ್ದಾರೆ, ಪಟ್ಟನೆ ಮುರಿಯುತ್ತದೆ ಎಂಬ ಮಾತಿಗೆ ಎಷ್ಟು ಸಲ ಉತ್ತರ ಬರೆದರೂ ಅದು ಸಾಯುತ್ತಿಲ್ಲ. ಚಿಕ್ಕಿಯನ್ನೇ ನೋಡಿ: ಗೆರೆ ಪಕ್ಕದ ಶೇಂಗಾ ಕಾಳು ಸೀಳುವುದಿಲ್ಲವೇ? ಇಲ್ಲಿ ಆ ಕಾಳು ಬೋರ್ಡಿನ ಮೇಲೆ ಬೆಸೆದ ಸೆರಾಮಿಕ್ ಕೆಪಾಸಿಟರ್. 1.6 ಮಿ.ಮೀ. ಬೋರ್ಡಿನಲ್ಲಿ ಎರಡೂ ಕಡೆ ಗೀರಿದ ಮೇಲೂ ಸುಮಾರು ಮೂರನೆಯ ಒಂದು ಪಾಲು ಗಾಜಿನ ನಾರು ಉಳಿದಿರುತ್ತದೆ. ಅದು ಮುರಿಯುವ ಮೊದಲು ಬಾಗುತ್ತದೆ. ಕೆಪಾಸಿಟರ್ ಬಾಗದು, ಎರಡು ತುದಿ ಬೆಸುಗೆಯಲ್ಲಿ ಬಿಗಿದಿರುವುದರಿಂದ ಒಳಗೇ ಓರೆಯಾಗಿ ಬಿರುಕು ಬಿಡುತ್ತದೆ. ಭೂತಗನ್ನಡಿ ಹಿಡಿದರೂ ಕಾಣುವುದಿಲ್ಲ, ಮೀಟರು ಮೊದಲಿನಂತೆ 100 ನ್ಯಾನೊಫ್ಯಾರಡ್ ಎಂದೇ ತೋರಿಸಬಹುದು. ಆಷಾಢದ ಜಿಟಿಜಿಟಿ ಮಳೆ ಹಿಡಿದ ಮೇಲೆ ತೇವ ಬಿರುಕಿಗೆ ಇಳಿದು ಕರೆಂಟು ಸೋರಲು ಶುರು, ಬ್ಯಾಟರಿ ಖಾಲಿ. ಬೈಸಿಕೊಳ್ಳುವುದು ಪಾಪ, ಪ್ರೋಗ್ರಾಮು.

ಕೆಪಾಸಿಟರನ್ನು ಗೆರೆಯಿಂದ 5 ಮಿ.ಮೀ. ದೂರ ಇಡಿ. ಜಾಗವಿಲ್ಲದಿದ್ದರೆ ಅದರ ಉದ್ದ ಗೆರೆಗೆ ಸಮಾನಾಂತರವಾಗಿರಲಿ, ಅಡ್ಡ ಬೇಡವೇ ಬೇಡ. ದೊಡ್ಡ ಅಳತೆಯ 1206 ಕೆಪಾಸಿಟರ್‌ಗಿಂತ ಚಿಕ್ಕ ಅಳತೆಯ 0603 ಗಟ್ಟಿ. ತಾಮ್ರವೂ ಗೆರೆಯಿಂದ ಅರ್ಧ ಮಿ.ಮೀ. ಹಿಂದೆ ಸರಿಯಲಿ. ಮೌಸ್ ಬೈಟ್ ಹಾಕಿದರೂ ಟ್ಯಾಬ್ ಪಕ್ಕ ಇದೇ ಎಚ್ಚರ. ಬಾಗಿಸಬೇಡಿ, ನಿಪ್ಪರ್‌ನಿಂದ ಕತ್ತರಿಸಿ. ಕೈಯಲ್ಲೇ ಒಂದೊಂದಾಗಿ ಬೆಸುಗೆ ಹಾಕುವವರಾದರೆ ಬರೀ ಬೋರ್ಡನ್ನೇ ಮೊದಲು ಮುರಿದುಕೊಳ್ಳಿ, ಮುಗಿಯಿತು. ಸ್ಟೆನ್ಸಿಲ್ (ತೂತಿನ ಅಚ್ಚು) ಇಟ್ಟು ಇಪ್ಪತ್ತಕ್ಕೂ ಒಮ್ಮೆಲೇ ಬೆಸುಗೆ ಪೇಸ್ಟ್ ಹಚ್ಚುವವರಿಗಷ್ಟೇ ಈ ತಲೆನೋವು.

ನೀವು ಕೇಳಿಲ್ಲ, ಆದರೂ: ಬೋರ್ಡ್ ವಿನ್ಯಾಸ ಮಾಡುವ ಕೈಕ್ಯಾಡ್ ತಂತ್ರಾಂಶದಲ್ಲಿ ಮೂಲ ಫೈಲಿನಲ್ಲೇ ಇಪ್ಪತ್ತು ಸಲ ಕಾಪಿ-ಪೇಸ್ಟ್ ಮಾಡಬೇಡಿ. ಇಪ್ಪತ್ತು ಬೋರ್ಡಿನ ಗ್ರೌಂಡು ಒಂದಕ್ಕೊಂದು ಸೇರಿಲ್ಲ ಎಂದು ಡಿಆರ್‌ಸಿ (ವಿನ್ಯಾಸದ ತಪ್ಪು ಹುಡುಕುವ ತಪಾಸಣೆ) ಎಚ್ಚರಿಕೆಗಳ ರಾಶಿ ಸುರಿಯುತ್ತದೆ, ಅದರಲ್ಲಿ ನಿಜವಾದ ತಪ್ಪು ಮುಚ್ಚಿಹೋಗುತ್ತದೆ. ಮೂಲ ಫೈಲು ಒಂಟಿ ಬೋರ್ಡಾಗಿಯೇ ಇರಲಿ. ಪ್ಯಾನಲನ್ನು ಕಿಕಿಟ್ ಎಂಬ ಪ್ಯಾನಲ್ ಜೋಡಿಸುವ ಉಪಕರಣದಿಂದ ಬೇರೆ ಫೈಲಾಗಿ ತೆಗೆಯಿರಿ. ನಾಳೆ ಒಂದು ರೆಸಿಸ್ಟರ್ ಸರಿಸಿದರೆ ಅದನ್ನೇ ಮತ್ತೊಮ್ಮೆ ಓಡಿಸಿದರಾಯಿತು.