ಛೇದ ಎಲ್ಲಿ ಡಾಕ್ಟ್ರೇ?

ಬಡ ದೇಶಗಳಲ್ಲಿ ತಲೆಪೆಟ್ಟಿನ ಹೊರೆ, ಅಂದರೆ ಅದರಿಂದ ಆಗುವ ಒಟ್ಟು ಸಾವುನೋವು, ಎಷ್ಟು ಎಂದು ಅಳೆಯಹೊರಟ ಅಧ್ಯಯನ ನನ್ನ ಮೇಜಿಗೆ ಬಂದರೆ ನಾನು ಫಲಿತಾಂಶದ ಪುಟಕ್ಕೆ ಹೋಗುವುದಿಲ್ಲ. ಯಾರನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ ಎಂಬ ಪ್ಯಾರಾ ಹುಡುಕುತ್ತೇನೆ. ಬಹಳ ಸಲ ಅಲ್ಲಿರುವುದು ಒಂದೇ ವಾಕ್ಯ: ‘ನಮ್ಮ ಆಸ್ಪತ್ರೆಗೆ ದಾಖಲಾದ ಎಲ್ಲ ರೋಗಿಗಳು.’ ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಅದೇ ರೋಗಿಗಳು ಇಡೀ ದೇಶವಾಗಿರುತ್ತಾರೆ. ನಾನು ಅಂಕಿಅಂಶದವನು, ಸರ್ಜನ್ ಅಲ್ಲ. ರಾತ್ರಿಯೆಲ್ಲ ನಿಂತು ತಲೆಬುರುಡೆ ತೆರೆದು ರಕ್ತದ ಗಡ್ಡೆ ತೆಗೆಯುವವರ ಮೇಲೆ ನನಗೆ ಗೌರವ ಮಾತ್ರವಲ್ಲ, ಪ್ರೀತಿಯೂ ಇದೆ. ಆದರೂ ಈ ಒಂದು ವಿಷಯ ಹೇಳಿ ಹೇಳಿ ಸಾಕಾಗಿದೆ.

ಲೆಕ್ಕ ಹಾಕಿಯೇ ತೋರಿಸುತ್ತೇನೆ. ಸಂಖ್ಯೆಗಳು ಕಲ್ಪಿತ, ತರ್ಕ ಮಾತ್ರ ನಿಜ. ಒಂದು ಜಿಲ್ಲೆಯಲ್ಲಿ ವರ್ಷಕ್ಕೆ 100 ಜನರಿಗೆ ಮಿದುಳಿಗೆ ತೀವ್ರ ಪೆಟ್ಟು ಬೀಳುತ್ತದೆ ಎನ್ನಿ. ಆಂಬ್ಯುಲೆನ್ಸ್ ಇಲ್ಲ. 60 ಮಂದಿ ರಸ್ತೆಯಲ್ಲೋ ಮನೆಯಲ್ಲೋ ಸಾಯುತ್ತಾರೆ. 40 ಮಂದಿ ಆಸ್ಪತ್ರೆ ತಲುಪಿ, ಅವರಲ್ಲಿ 10 ಮಂದಿ ಸಾಯುತ್ತಾರೆ. ಆಸ್ಪತ್ರೆಯ ಸಾವಿನ ಪ್ರಮಾಣ ಶೇ. 25. ಈಗ ಒಳ್ಳೆಯ ಆಂಬ್ಯುಲೆನ್ಸ್ ಬಂತು. ದಾರಿಯಲ್ಲಿ ಸಾಯುವವರು 30ಕ್ಕೆ ಇಳಿದರು, 70 ಮಂದಿ ಆಸ್ಪತ್ರೆ ಸೇರಿದರು. ಹೊಸದಾಗಿ ಬಂದವರ ಸ್ಥಿತಿ ಹೆಚ್ಚು ಗಂಭೀರ, ಹಾಗಾಗಿ ಒಳಗೆ 28 ಮಂದಿ ತೀರಿಕೊಂಡರು. ಆಸ್ಪತ್ರೆಯ ಸಾವಿನ ಪ್ರಮಾಣ ಶೇ. 40! ಜಿಲ್ಲೆಯ ಒಟ್ಟು ಸಾವು ಮಾತ್ರ 70ರಿಂದ 58ಕ್ಕೆ ಇಳಿದಿದೆ. ಹನ್ನೆರಡು ಜೀವ ಉಳಿಸಿದ ವ್ಯವಸ್ಥೆ ನಿಮ್ಮ ಎಕ್ಸೆಲ್ ಹಾಳೆಯಲ್ಲಿ ಕೆಟ್ಟದ್ದಾಗಿ ಕಾಣುತ್ತದೆ. ಆಸ್ಪತ್ರೆಯೊಳಗಿನ ಸಾವನ್ನೇ ಹೊರೆ ಎಂದು ಬರೆದುಕೊಟ್ಟರೆ, ಅದನ್ನು ನಂಬಿದ ಅಧಿಕಾರಿ ಆಂಬ್ಯುಲೆನ್ಸಿನ ಹಣ ಕಡಿಮೆ ಮಾಡಿದರೂ ಆಶ್ಚರ್ಯವಿಲ್ಲ.

ಭಿನ್ನರಾಶಿಯ ಮೇಲಿನ ಅಂಶವನ್ನು ಎಲ್ಲರೂ ತರುತ್ತಾರೆ. ಕೆಳಗಿನ ಛೇದ, ಅಂದರೆ ಒಟ್ಟು ಎಷ್ಟು ಜನರಲ್ಲಿ ಎಂಬುದನ್ನು, ಕೇಳಿದರೆ ಜನಗಣತಿಯಿಂದ ಒಂದು ಸಂಖ್ಯೆ ಎತ್ತಿ ಇಡುತ್ತಾರೆ. ಆ ಜನರೆಲ್ಲ ಪೆಟ್ಟು ಬಿದ್ದರೆ ಇದೇ ಆಸ್ಪತ್ರೆಗೆ ಬರುತ್ತಾರೆಯೇ? ಇನ್ನೂರು ಕಿಲೋಮೀಟರ್ ಆಚೆಯವರು ಬರುವುದಿಲ್ಲ. ರೋಗಿಯ ಎಚ್ಚರವನ್ನು 3ರಿಂದ 15ರವರೆಗೆ ಅಳೆಯುವ ಗ್ಲಾಸ್ಗೋ ಕೋಮಾ ಸ್ಕೇಲಿನಲ್ಲಿ (ಜಿಸಿಎಸ್; ಅಂಕ ಕಡಿಮೆಯಾದಷ್ಟೂ ಸ್ಥಿತಿ ಗಂಭೀರ) 13ರಿಂದ 15 ಇರುವ ಸೌಮ್ಯ ಪೆಟ್ಟಿನವರು, ಅಂದರೆ ಪೆಟ್ಟು ತಿಂದವರಲ್ಲಿ ಬಹುಪಾಲು ಜನ, ಔಷಧಿ ಅಂಗಡಿಯಲ್ಲಿ ಮಾತ್ರೆ ತೆಗೆದುಕೊಂಡು ಮಲಗುತ್ತಾರೆ.

‘ಕ್ರ್ಯಾಶ್ ಟ್ರಯಲ್‌ನವರೂ ಆಸ್ಪತ್ರೆಯ ರೋಗಿಗಳನ್ನೇ ತಗೊಂಡಿದ್ದಲ್ವಾ ಸರ್?’ ಎಂದು ಒಬ್ಬ ಜಾಣ ಹುಡುಗಿ ನನ್ನನ್ನೇ ಕೇಳಿದಳು. ಹೌದು, ಆ ಚಿಕಿತ್ಸಾ ಪ್ರಯೋಗಕ್ಕೆ ತೆಗೆದುಕೊಂಡದ್ದು ಆಸ್ಪತ್ರೆಯ 10,008 ರೋಗಿಗಳನ್ನು. ದಶಕಗಳಿಂದ ತಲೆಪೆಟ್ಟಿಗೆ ಕೊಡುತ್ತಿದ್ದ ಸ್ಟೆರಾಯ್ಡ್ ಸಾವನ್ನು ತಗ್ಗಿಸುವ ಬದಲು ಹೆಚ್ಚಿಸುತ್ತದೆ ಎಂದು ಅದು 2004ರಲ್ಲಿ ತೋರಿಸಿತು. ಎರಡು ವಾರದೊಳಗಿನ ಸಾವು ಸ್ಟೆರಾಯ್ಡ್ ಪಡೆದವರಲ್ಲಿ ಶೇ. 21.1, ಪಡೆಯದವರಲ್ಲಿ ಶೇ. 17.9. ಬೊಲಿವಿಯಾ, ಈಕ್ವೆಡಾರ್‌ಗಳ 324 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೂ ಹಾಗೆಯೇ. ತಲೆಯೊಳಗಿನ ಒತ್ತಡವನ್ನು ಯಂತ್ರವಿಟ್ಟು ಅಳೆದು ಚಿಕಿತ್ಸೆ ಕೊಟ್ಟವರಿಗೂ, ಸಿಟಿ ಸ್ಕ್ಯಾನ್ ಮತ್ತು ರೋಗಿಯ ಪರೀಕ್ಷೆಯನ್ನೇ ನಂಬಿ ಕೊಟ್ಟವರಿಗೂ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅವೆರಡೂ ಕೇಳಿದ ಪ್ರಶ್ನೆ, ಬಾಗಿಲು ದಾಟಿ ಒಳಗೆ ಬಂದವರಿಗೆ ಯಾವ ಚಿಕಿತ್ಸೆ ಮೇಲು ಎಂಬುದು. ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಹೋಲಿಸುವಾಗ ಹೊರಗೆ ಉಳಿದವರು ಲೆಕ್ಕವನ್ನು ಅಷ್ಟಾಗಿ ಕೆಡಿಸುವುದಿಲ್ಲ. ಹೊರೆಯ ಪ್ರಶ್ನೆಯಲ್ಲಿ ಹೊರಗೆ ಉಳಿದವರೇ ಅರ್ಧ ಉತ್ತರ. (ಬೊಲಿವಿಯಾ, ಈಕ್ವೆಡಾರ್ ಎರಡೂ ವಿಶ್ವಬ್ಯಾಂಕಿನ ಪಟ್ಟಿಯಲ್ಲಿ ಕಡಿಮೆ ಆದಾಯದ ದೇಶಗಳಲ್ಲ, ಮಧ್ಯಮ ಆದಾಯದವು. ಅವನ್ನೂ ಮಲಾವಿ, ಉಗಾಂಡಾಗಳನ್ನೂ ಒಂದೇ ಚೀಲಕ್ಕೆ ತುಂಬುವ ಅಭ್ಯಾಸದ ಬಗ್ಗೆ ಇನ್ನೊಮ್ಮೆ ಜಗಳ ಆಡೋಣ.)

ಛೇದ ಗಟ್ಟಿ ಇಲ್ಲದಿದ್ದರೆ ದೊಡ್ಡವರ ಲೆಕ್ಕವೂ ಅಲ್ಲಾಡುತ್ತದೆ. 2018ರ ಒಂದು ಅಂದಾಜಿನ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ 6.9 ಕೋಟಿ ಜನರ ಮಿದುಳಿಗೆ ಪೆಟ್ಟಾಗುತ್ತದೆ. ಜಾಗತಿಕ ರೋಗ ಹೊರೆ ಅಧ್ಯಯನದವರು 2016ನೇ ಇಸವಿಗೆ ಕೊಟ್ಟ ಅಂದಾಜು ಸುಮಾರು 2.7 ಕೋಟಿ. ಯಾರೂ ಸುಳ್ಳು ಹೇಳಿಲ್ಲ. ಎರಡೂ ಮಾದರಿ ಕಟ್ಟಿ ಪಡೆದ ಅಂದಾಜುಗಳು, ಬಳಸಿದ ದತ್ತಾಂಶವೂ ವಿಧಾನವೂ ಬೇರೆ. ಎಲ್ಲಿ ಪೆಟ್ಟು ಹೆಚ್ಚೋ ಅಲ್ಲೇ ದಾಖಲೆ ಕಡಿಮೆ, ತೊಡಕು ಅದು.

ಕ್ರ್ಯಾಶ್ ದತ್ತಾಂಶದಿಂದಲೇ ಹೊರಬಿದ್ದ ಇನ್ನೊಂದು ಸಂಗತಿಯನ್ನು ಜನ ತಪ್ಪಾಗಿ ಓದುತ್ತಾರೆ. ತೀವ್ರ ಪೆಟ್ಟು ತಿಂದವರು ಸಾಯುವ ಆಡ್ಸ್ (ಸತ್ತವರಿಗೂ ಬದುಕುಳಿದವರಿಗೂ ಇರುವ ಅನುಪಾತ) ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಶ್ರೀಮಂತ ದೇಶಗಳಿಗಿಂತ ಎರಡು ಪಟ್ಟಿಗೂ ಹೆಚ್ಚು. ಆದರೆ ಸೌಮ್ಯ ಮತ್ತು ಮಧ್ಯಮ ಪೆಟ್ಟಿನವರಲ್ಲಿ ಅಂಗವೈಕಲ್ಯ ಅಲ್ಲಿಯೇ ಕಡಿಮೆ ದಾಖಲಾಗಿದೆ. ‘ಬಡವರು ಗಟ್ಟಿ’ ಎಂದು ತೀರ್ಪು ಕೊಡುವವರನ್ನು ನಾನೇ ಕೇಳಿದ್ದೇನೆ. ಕುಟುಂಬದ ಆರೈಕೆ ಕಾರಣ ಇರಬಹುದು, ಪ್ರಶ್ನೆ ಕೇಳಿದ ರೀತಿ ಇರಬಹುದು, ಉತ್ತರಿಸಲು ಸಿಕ್ಕವರು ಯಾರು ಎಂಬುದೂ ಇರಬಹುದು. ಖಚಿತವಾಗಿ ಇದೇ ಎನ್ನಲು ನಾನು ಸಿದ್ಧನಿಲ್ಲ.

ಯಾರು ಸಿಗುವುದಿಲ್ಲ ಎಂಬುದು ಮಾತ್ರ ಗೊತ್ತು. ತರುಣ ಸರ್ಜನ್ ಒಬ್ಬರು ಕ್ಯಾಶುವಾಲ್ಟಿ ರಿಜಿಸ್ಟರ್‌ನ ಪುಟಗಳನ್ನು ಮೊಬೈಲಿನಲ್ಲಿ ಫೋಟೋ ಹಿಡಿದು ತಂದಿದ್ದರು. ಒಂದು ಸಾಲಿನಲ್ಲಿ ‘ಅಪರಿಚಿತ ಗಂಡಸು, ಸುಮಾರು 30, ಬೈಕ್, ಜಿಸಿಎಸ್ 6’ ಎಂದಿತ್ತು. ‘ಅಪರಿಚಿತ’ ಹೊಡೆದುಹಾಕಿ ಮೇಲೆ ಬೇರೆ ಶಾಯಿಯಲ್ಲಿ ಹೆಸರು ಬರೆದಿದ್ದರು, ಮನೆಯವರು ಬಂದಿದ್ದಾರೆ. ಸಿಟಿ ಸ್ಕ್ಯಾನಿನ ಅಂಕಣ ಖಾಲಿ. ಕೊನೆಯಲ್ಲಿ, ‘ವೈದ್ಯರ ಸಲಹೆ ಮೀರಿ ಕರೆದೊಯ್ದರು.’ ಡಾಕ್ಟರ ಎಕ್ಸೆಲ್ಲಿನಲ್ಲಿ ಆತ ಬಿಡುಗಡೆಯಾದವನು, ಜೀವಂತ. ‘ಜಿಸಿಎಸ್ 6 ಇಟ್ಟುಕೊಂಡು ಮನೆಗೆ ಹೋದವನು ಏನಾದ ಡಾಕ್ಟ್ರೇ?’ ಅಂದೆ. ಆರು ತಿಂಗಳ ಫಾಲೋ-ಅಪ್‌ಗೆಂದು ಬರೆದುಕೊಂಡ ನಂಬರಿಗೆ ಕರೆ ಮಾಡಿದರು. ಎತ್ತಿದಾತ ರೋಗಿಯನ್ನು ಗಾಡಿಯಲ್ಲಿ ತಂದು ಬಿಟ್ಟುಹೋದ ಡ್ರೈವರ್. ‘ಹೌದಾ, ಆಮೇಲೆ ಹೇಗಿದ್ದಾರೆ ಸಾರ್?’ ಎಂದು ಆತನೇ ಕೇಳಿದ.

ಹಾಗಾದರೆ ಏನು ಮಾಡಬೇಕು? ಮನೆಮನೆ ಸಮೀಕ್ಷೆ ಒಳ್ಳೆಯದು, ದುಬಾರಿ. ಸತ್ತವರು ಉತ್ತರಿಸುವುದಿಲ್ಲವಾದ್ದರಿಂದ ಮನೆಯವರನ್ನು ಕೇಳಿ ಸಾವಿನ ಕಾರಣ ಗುರುತಿಸುವ ಕ್ರಮವನ್ನೂ ಜೊತೆಗೆ ಇಟ್ಟುಕೊಳ್ಳಬೇಕು. ಅಷ್ಟು ಹಣ ಇಲ್ಲದವರು ಎರಡು ಪಟ್ಟಿಗಳನ್ನು ತಾಳೆ ನೋಡಬಹುದು. ಆಸ್ಪತ್ರೆಯ ಪಟ್ಟಿಯಲ್ಲಿ 200 ಹೆಸರು, ಪೊಲೀಸರ ಪಟ್ಟಿಯಲ್ಲಿ 150, ಎರಡರಲ್ಲೂ ಇರುವವರು 50 ಎಂದುಕೊಳ್ಳಿ. 200ನ್ನು 150ರಿಂದ ಗುಣಿಸಿ 50ರಿಂದ ಭಾಗಿಸಿದರೆ ಒಟ್ಟು ಸುಮಾರು 600. ಅಂದರೆ ಎರಡೂ ಪಟ್ಟಿ ಸೇರಿಸಿದರೂ ಅರ್ಧದಷ್ಟು ಜನ ಮಾತ್ರ ಸಿಗುತ್ತಾರೆ. ಎಚ್ಚರಿಕೆ: ದೊಡ್ಡ ಪೆಟ್ಟಿನವರು ಎರಡೂ ಪಟ್ಟಿಯಲ್ಲಿ ಸೇರುವ ಸಂಭವ ಹೆಚ್ಚು, ಆಗ ಈ ಲೆಕ್ಕ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಹೆಸರುಗಳ ಕಾಗುಣಿತ ಕಾಡುವ ಬಗ್ಗೆ ಹೇಳತೊಡಗಿದರೆ ಮುಗಿಯುವುದಿಲ್ಲ.

ಮುಂದಿನ ಸಲ ನನ್ನ ಹತ್ತಿರ ಬರುವವರು ವಾರ್ಡಿನ ದಾಖಲೆಯ ಜೊತೆಗೆ ಶವಾಗಾರದ ರಿಜಿಸ್ಟರ್ ಕೂಡ ತನ್ನಿ. ಅದಕ್ಕೆ ಎಥಿಕ್ಸ್ ಕಮಿಟಿಯ ಅನುಮತಿ ಮೊದಲೇ ಕೇಳಿ, ತಡವಾಗುತ್ತದೆ. ಪ್ರತಿ ರೋಗಿಗೂ ಎರಡು ಫೋನ್ ನಂಬರ್ ಬರೆದುಕೊಳ್ಳಿ, ಒಂದಾದರೂ ಮನೆಯವರದಿರಲಿ. ಸಲಹೆ ಮೀರಿ ಹೋದವರಿಗೆ ಬೇರೆ ಅಂಕಣ ಮಾಡಿ. ಇದ್ಯಾವುದೂ ಆಗದಿದ್ದರೆ ಪ್ರಬಂಧದ ಶೀರ್ಷಿಕೆಯಿಂದ ದೇಶದ ಹೆಸರು ತೆಗೆದು ಆಸ್ಪತ್ರೆಯ ಹೆಸರು ಹಾಕಿ. ನಾನು ಖುಷಿಯಿಂದ ಸಹಿ ಮಾಡುತ್ತೇನೆ.